ಗೋಣಿ ಸುತ್ತಿದ ಬಾಳೆ

ಮಗಳ ಹೆರಿಗೆಗೆಂದು ಹೊರಟ ಹೆಂಡತಿ ಗೇಟಿನ ಬಳಿ ನಿಂತು ಪೈಪಣ್ಣನಿಗೆ ಹೇಳಿಹೋದದ್ದು ಒಂದೇ ಮಾತು. "ರೀ, ಮನೆ ಹೇಗಾದ್ರೂ ಇರಲಿ, ನಾನು ಬರೋ ಹೊತ್ತಿಗೆ ನನ್ನ ಬಾಳೆ ಇರಬೇಕು." ಎರಡು ವರ್ಷ ಪಾತ್ರೆ ತೊಳೆದ ನೀರು ಹೊತ್ತು ಹಾಕಿ ಬೆಳೆಸಿದ ಗಿಡ ಅದು. ಮೊದಲ ಗೊನೆಗೆ ಅವಳು ಇನ್ನೂ ಕಾಯುತ್ತಿದ್ದಳು.

ಪೈಪಣ್ಣನಿಗೆ ಗಿಡಗಳ ಗಂಧಗಾಳಿ ಇಲ್ಲ. ನಲವತ್ತು ವರ್ಷ ನಲ್ಲಿ, ಪೈಪು ರಿಪೇರಿ ಮಾಡಿದ ಕೈ. ಅವನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಆ ಬೆಟ್ಟದೂರಿಗೆ ಚಳಿ ಹೊಸದಲ್ಲ, ಆದರೆ ಆ ವರ್ಷದ್ದು ಅತಿಯಾಯಿತು. ಎರಡು ಬೆಳಗು ಅಂಗಳದ ಬಕೆಟ್ಟಿನ ನೀರು ಗಾಜಿನಂತಾಯಿತು. ಮೂರನೆಯ ದಿನ ನೋಡಿದರೆ ಬಾಳೆಯ ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿದ್ದವು.

ಪಕ್ಕದ ಮನೆಯ ದರ್ಜಿ ಕಾಂಪೌಂಡಿನ ಮೇಲೆ ಗಲ್ಲವಿಟ್ಟು ನೋಡಿದ. "ಕಪ್ಪು ಎಲೆ ತೆಗೆದುಬಿಡು ಪೈಪಣ್ಣ. ಹರಿದ ಬಟ್ಟೆ ಇಟ್ಕೊಂಡು ಏನ್ ಮಾಡ್ತೀಯ."

ಪೈಪಣ್ಣ ಎರಡು ಎಲೆ ಕತ್ತರಿಸುವಷ್ಟರಲ್ಲಿ ದರ್ಜಿಯೇ ತಡೆದ. "ತಡಿ ತಡಿ. ಒಣಗಿದ್ದಾದ್ರೂ ಒಳಗಿನದಕ್ಕೆ ಹೊದಿಕೆ ಆಗುತ್ತಲ್ವಾ?"

"ಒಂದು ಮಾತಿಗೆ ನಿಲ್ಲು ಮಾರಾಯ."

"ನಾನು ಪ್ಯಾಂಟು ಹೊಲಿಯೋನು. ನನ್ನ ಕೇಳಿದ್ರೆ ಇಷ್ಟೇ."

ಹೀಗೆ ಎರಡು ಎಲೆ ಹೋದವು, ಮೂರು ಉಳಿದವು. ನೀರು ಹಾಕಬೇಕೋ ಬೇಡವೋ, ಅದೂ ತಿಳಿಯಲಿಲ್ಲ. ಕೊನೆಗೆ ಚಳಿಗೆ ಪೈಪು ಒಡೆಯದಿರಲೆಂದು ಏನು ಮಾಡುತ್ತಿದ್ದನೋ ಅದನ್ನೇ ಮಾಡಿದ. ನೀರು ನಿಲ್ಲಿಸಿದ, ಬುಡದಿಂದ ಕುತ್ತಿಗೆಯವರೆಗೆ ಗೋಣಿ ಸುತ್ತಿ ಹುರಿ ಬಿಗಿದ.

"ಬಾಳೆ ಹೇಗಿದೆ?" ಎಂದು ಹೆಂಡತಿ ದಿನಾ ಫೋನಿನಲ್ಲಿ ಕೇಳುತ್ತಿದ್ದಳು. "ಇದೆ" ಎನ್ನುತ್ತಿದ್ದ. ಅಷ್ಟಂತೂ ಸುಳ್ಳಲ್ಲ.

ಅವಳು ಬರುವ ಹಿಂದಿನ ದಿನ ಬೆಳಿಗ್ಗೆ ಗೋಣಿ ಬಿಚ್ಚಿದ. ಕುತ್ತಿಗೆಯ ಬಳಿ ಕಾಂಡ ಬಿಂದಿಗೆಯಂತೆ ಊದಿಕೊಂಡಿತ್ತು. ಇಂಥ ಉಬ್ಬನ್ನು ಅವನು ಎಷ್ಟೋ ನೋಡಿದ್ದ. ಒಳಗೆ ನೀರು ಹೆಪ್ಪುಗಟ್ಟಿದರೆ ಪೈಪು ಹೀಗೆಯೇ ಉಬ್ಬಿ ಆಮೇಲೆ ಸೀಳುತ್ತದೆ. ಉಬ್ಬಿದಷ್ಟನ್ನು ಕೊಯ್ದು ತೆಗೆಯದೆ ಬೇರೆ ದಾರಿಯಿಲ್ಲ. ಗರಗಸ ತಂದ.

"ಕೊಯ್ದ ಮೇಲೆ?" ಎಂದ ದರ್ಜಿ.

"ಪೈಪಾದ್ರೆ ಹೊಸ ತುಂಡು ಸೇರಿಸ್ತೀನಿ."

"ಇದಕ್ಕೆ?"

ಪೈಪಣ್ಣ ಗರಗಸವನ್ನು ಎಡಗೈಗೆ ದಾಟಿಸಿದ. ಕೊಯ್ಯುವ ಮುಂಚೆ ಸಣ್ಣ ತೂತು ಮಾಡಿ ಒಳಗೇನಿದೆ ನೋಡುವುದು ಅವನ ರೂಢಿ. ಒಮ್ಮೆ ಹಾಗೆ ನೋಡದೆ ಕೊಯ್ದು ಯಾರದೋ ಹಾಸಿಗೆಯನ್ನೆಲ್ಲ ತೊಯ್ಯಿಸಿದ್ದ. ಚಾಕು ತೆಗೆದು ಉಬ್ಬಿನ ಮೇಲೆ ಗೇಣುದ್ದ ಗೀರಿದ. ಅಂಟುರಸ ಬೆರಳಿಗೆ ಇಳಿಯಿತು. ಪದರದ ಹಿಂದೆ ಪದರ, ಅದರ ಹಿಂದೆ ಕಡುಗೆಂಪಾದದ್ದೇನೋ.

ಕೊಳೆತಿದೆ ಅಂದುಕೊಂಡ. ಮೂಸಿದರೆ ಕೊಳೆತ ವಾಸನೆ ಇಲ್ಲ. ಒತ್ತಿದರೆ ಗಟ್ಟಿ. ಏನೂ ತೋಚದೆ ಹೆಂಡತಿಗೇ ಫೋನು ಮಾಡಿದ, ಎಲ್ಲ ಹೇಳಿದ.

"ಕೈಯಲ್ಲಿ ಏನಿದೆ?"

"ಗರಗಸ."

"ಕೆಳಗಿಡಿ."

"ಇಟ್ಟೆ."

"ಅದು ಹೂವು ಕಣ್ರೀ. ನನ್ನ ಗೊನೆ. ಚಳಿಗೆ ಗಂಟಲಲ್ಲೇ ಸಿಕ್ಕಿಹಾಕ್ಕೊಂಡಿದೆ."

"ಹೂವು ಒಳಗಿಂದ ಬರುತ್ತಾ?"

"ಮತ್ತೆ, ಹೊರಗಿಂದ ತಂದು ಅಂಟಿಸ್ತಾರಾ?"

ಮರುದಿನ ಹೆಗಲ ಚೀಲವನ್ನೂ ಇಳಿಸದೆ ಅವಳು ಹಿತ್ತಲಿಗೆ ಹೋದಳು. ಗೀರಿದ ಜಾಗದಿಂದ ಕೆಂಪು ಮೂತಿ ಎರಡು ಬೆರಳಷ್ಟು ಹೊರಗೆ ಬಂದಿತ್ತು. ಮೇಲಿಂದ ಬರಬೇಕಾದದ್ದು ಪಕ್ಕೆಯಿಂದ ಬಂದಿತ್ತು.

"ಉಳಿಸಿದ್ರೋ ಕೆಡಿಸಿದ್ರೋ?"

ಅವನು ಉಳಿದ ಮೂರು ಎಲೆ ನೋಡಿದ, ಗೀರು ನೋಡಿದ. "ನನಗೂ ತಿಳೀತಿಲ್ಲ ಕಣೇ."

ಅವಳು ನೆಲದ ಮೇಲಿದ್ದ ಗೋಣಿ ಎತ್ತಿ ಕೊಡವಿದಳು. ಕಾಂಪೌಂಡಿನ ಕಡೆ ತಿರುಗಿ, "ದರ್ಜಿಯಣ್ಣ, ಕತ್ತರಿ ತಗೊಂಡು ಬಾ. ಇದಕ್ಕೆ ಅಂಗಿ ಗುಂಡಿಗೆ ಮಾಡೋ ಹಾಗೆ ಒಂದು ಕಾಜಾ ಮಾಡಿಕೊಡು," ಎಂದಳು. "ಮೂತಿ ಹೊರಗಿರಲಿ, ಮೈ ಬೆಚ್ಚಗಿರಲಿ." ಆಮೇಲೆ ಗಂಡನಿಗೆ ಹೇಳಿದಳು. "ನೀವು ಆ ತುದಿ ಹಿಡ್ಕೊಳ್ಳಿ. ಬಿಗೀಬೇಡಿ."

ಎಷ್ಟು ಸಡಿಲ ಬಿಡಬೇಕೋ ತಿಳಿಯದೆ ಪೈಪಣ್ಣ ಗೋಣಿಯ ತುದಿ ಹಿಡಿದು ನಿಂತ.