ಅಪ್ಪನ ಗಾಡಿಯ ಸೀಟು

ಎದುರುಬದುರು ಅಂಗಡಿಯಿಟ್ಟುಕೊಂಡು ಒಂದೇ ಕಸುಬು ಮಾಡುವ ಅಣ್ಣತಮ್ಮಂದಿರಿಗೆ ಬೀದಿಯವರು ಹೆಸರಿಡದೆ ಬಿಡುತ್ತಾರೆಯೇ? ಅಣ್ಣ ದೊಡ್ಡ ಸೀಟು, ತಮ್ಮ ಚಿಕ್ಕ ಸೀಟು. ಕಾರು, ಬಸ್ಸು, ಬೈಕುಗಳ ಸೀಟಿಗೆ ರೆಕ್ಸಿನ್ ಹೊದಿಸುವುದು, ಕುಸಿದ ಸೋಫಾಗಳನ್ನು ಮೇಲೆತ್ತುವುದು ಇಬ್ಬರ ಕೆಲಸ. ಇಬ್ಬರಿಗೂ ಕಲಿಸಿದವಳು ಅಮ್ಮ. ಅಪ್ಪ ಕರೆಂಟ್ ಕಂಬ ಹತ್ತುತ್ತಿದ್ದ ಕಾಲದಲ್ಲಿ ಅವಳು ಹಜಾರದಲ್ಲೇ ಕೂತು ನೆರೆಹೊರೆಯವರ ಕುರ್ಚಿ, ದಿಂಬುಗಳಿಗೆ ಗವಸು ಹೊಲಿಯುತ್ತಿದ್ದಳು. ದೊಡ್ಡ ಸೀಟು ಸ್ವಂತ ಅಂಗಡಿ ತೆರೆದ ದಿನ ಮಾಡಿದ ಮೊದಲ ಕೆಲಸವೆಂದರೆ ಅವಳ ಹೊಲಿಗೆ ಯಂತ್ರವನ್ನು ಅಟ್ಟಕ್ಕೆ ಏರಿಸಿದ್ದು. ಇನ್ನು ನೀನು ಕಣ್ಣು ಕೆಡಿಸಿಕೊಳ್ಳಬೇಡ ಎಂದು ಅವನು ಹೇಳಿದ್ದನ್ನು ಕೇಳಿ ನಾಲ್ಕು ಜನ ಮೆಚ್ಚಿಕೊಂಡಿದ್ದರು. ನಾಲ್ಕು ಜನಕ್ಕೆ ಕೇಳಲಿ ಎಂದೇ ಅವನೂ ತುಸು ಗಟ್ಟಿಯಾಗಿ ಹೇಳಿದ್ದ.

ಅಪ್ಪ ತೀರಿಕೊಂಡ ಮೇಲೆ ಪಾತ್ರೆ ಪಗಡೆ, ಬೀರು, ಗೋಡೆ ಗಡಿಯಾರ ಎಲ್ಲವೂ ಮಾತಿಲ್ಲದೆ ಹಂಚಿಹೋಯಿತು. ಉಳಿದದ್ದು ಮೋಟಾರ್ ಸೈಕಲ್ಲು. ಕಪ್ಪು ಟ್ಯಾಂಕಿನ, ಕಿಕ್ಕರ್ ಹೊಡೆದವನ ಮೊಣಕಾಲು ಪರೀಕ್ಷಿಸುವ ಹಳೆಯ ಗಾಡಿ. ಮಕ್ಕಳು ಹುಟ್ಟುವ ಮೊದಲೇ ಮನೆಗೆ ಬಂದದ್ದರಿಂದ ಅದೇ ತಮ್ಮ ಹಿರಿಮಗ ಎಂದು ಅಪ್ಪ ನಗೆಯಾಡುತ್ತಿದ್ದರು. ದೊಡ್ಡ ಸೀಟಿಗೆ ಆ ನಗೆ ಎಂದೂ ಹಿಡಿಸಿರಲಿಲ್ಲ. ಹಿರಿಮಗ ಅಂತ ಮನೆಯಲ್ಲಿ ಒಬ್ಬನಿದ್ದರೆ ಸಾಕಲ್ಲವೇ?

ಮಾರೋಣ ಎಂದವನು ಅವನೇ. ಮನಸ್ಸಿದ್ದು ಹೇಳಿದ ಮಾತಲ್ಲ ಅದು. ನನಗಿರಲಿ ಎಂದರೆ ತಮ್ಮ ತಕರಾರು ತೆಗೆಯುತ್ತಾನೆ. ತಮ್ಮ ಇಟ್ಟುಕೊಂಡರೆ ತನ್ನ ನಿದ್ದೆ ಹಾಳು. ಇಬ್ಬರಿಗೂ ಸಿಗದಿದ್ದರೆ ಇಬ್ಬರಿಗೂ ಕ್ಷೇಮ. ಚಿಕ್ಕ ಸೀಟು ಆಗಲಿ ಎಂದು ತಕ್ಷಣ ಒಪ್ಪಿಕೊಂಡ. ಅಷ್ಟು ಬೇಗ ಒಪ್ಪಿಕೊಂಡದ್ದೇ ದೊಡ್ಡವನ ಅನುಮಾನಕ್ಕೆ ಕಾರಣವಾಯಿತು.

ಗಾಡಿ ನೋಡಲು ಬಂದವರು ಒಬ್ಬ ಹಲ್ಲಿನ ಡಾಕ್ಟರು, ಹಳೆಯ ವಾಹನಗಳ ಹುಚ್ಚಿನವರು. ಬಾಯೊಳಗೆ ಇಟ್ಟು ನೋಡುವ ಪುಟ್ಟ ಕನ್ನಡಿಯನ್ನು ಜೇಬಿನಿಂದ ತೆಗೆದು ಎಂಜಿನ್ನಿನ ಸಂದುಗೊಂದಿಗಳಲ್ಲಿ ಆಡಿಸಿದರು. ಎಲ್ಲಿ ಹುಳುಕಿದೆ ಎಂದು ಹೇಳುತ್ತಾರೋ ಎಂದು ದೊಡ್ಡ ಸೀಟು ಕಾಯುತ್ತಿದ್ದ.

"ಎಲ್ಲಾ ಕಂಪನಿದೇ ಇದೆ, ಸೀಟೊಂದು ಬಿಟ್ಟು. ಇದನ್ನ ಕೈಯಲ್ಲಿ ಹೊಲಿದಿದ್ದಾರೆ. ಹೊಲಿಗೆ ಮಾತ್ರ ಬಹಳ ಚೆನ್ನಾಗಿದೆ. ನಿಮ್ಮದೇ ತಾನೇ?"

"ಹೂಂ," ಎಂದುಬಿಟ್ಟ ದೊಡ್ಡ ಸೀಟು.

ಅವನದಾಗಿರಲಿಲ್ಲ. ಸೀಟು ಬದಲಾಯಿಸಿಕೊಡುತ್ತೇನೆ ಎಂದು ಎಷ್ಟೋ ಸಲ ಕೇಳಿದ್ದ. ಇರಲಿ ಬಿಡು, ಇನ್ನೂ ಗಟ್ಟಿಯಾಗಿದೆ ಎನ್ನುವುದೇ ಅಪ್ಪನ ಉತ್ತರ. ಗಟ್ಟಿ ಮನುಷ್ಯ, ಗಟ್ಟಿ ಸೀಟು ಎಂದು ಅವನು ನಂಬಿ ಸುಮ್ಮನಾಗಿದ್ದ. ಭಾನುವಾರ ಬಂದು ಒಯ್ಯುತ್ತೇನೆಂದು ಡಾಕ್ಟರು ಹೊರಟ ಮೇಲೆ ನೆಲದ ಮೇಲೆ ಅಂಗಾತ ಮಲಗಿ ಸೀಟಿನ ತಳ ನೋಡಿದ. ರೆಕ್ಸಿನ್ನನ್ನು ಕೆಳಗೆ ಮಡಿಸಿ, ಮೇಣ ಸವರಿದ ನೂಲಿನಲ್ಲಿ ಅಂಚಿನುದ್ದಕ್ಕೂ ಹೊಲಿದಿದ್ದರು. ಹೊಲಿಗೆಗಳೆಲ್ಲ ಒಂದೇ ಅಳತೆ, ಒಂದೇ ವಾಲು. ವಾಲಿದ್ದು ಎಡಕ್ಕೆ.

ದಬ್ಬಣ ಹಿಡಿದವರಿಗೆ ಇದು ಸಹಿ ಇದ್ದ ಹಾಗೆ. ಬಲಗೈಯವನ ಹೊಲಿಗೆ ಬಲಕ್ಕೆ ವಾಲುತ್ತದೆ, ಎಡಗೈಯವನದು ಎಡಕ್ಕೆ. ಕೊನೆಯಲ್ಲಿ ಗಂಟು ಹಾಕದೆ ನೂಲನ್ನು ಬಂದ ದಾರಿಯಲ್ಲೇ ಹಿಂದಕ್ಕೆ ನಡೆಸಿ ಮರೆಮಾಡಿದ್ದರು. ಅದು ಅವರ ಮನೆಯ ಪಾಠ, ಬೇರೆ ಯಾರಿಗೂ ಬಾರದ್ದು. ಬೀದಿಯಲ್ಲಿ ಎಡಗೈಯಲ್ಲಿ ದಬ್ಬಣ ಹಿಡಿಯುವವನು ಒಬ್ಬನೇ. ಈಗ ಎದುರಿನ ಅಂಗಡಿಯಲ್ಲಿ ಕೂತು ಹಾಡು ಹೇಳಿಕೊಳ್ಳುತ್ತಿರುವವನು.

ಗಾಡಿಯ ಕೆಳಗೆ ಮಲಗಿದ್ದ ಗಂಡನನ್ನು ಕಂಡು ಹೆಂಡತಿ, ಏನು ಸಿಕ್ಕಿತು ಎಂದು ಕೇಳಿದಳು. ಅವನು ಹೇಳಿದ. ತನ್ನ ಕೂಳು ತಿಂದು, ತನ್ನ ಮನೆಯಲ್ಲಿದ್ದು, ಸೀಟು ಮಾತ್ರ ಅಪ್ಪ ತಮ್ಮನ ಕೈಲಿ ಹೊಲಿಸಿಕೊಂಡಿದ್ದಾರೆ.

"ನಿಮ್ಮ ತಮ್ಮನಿಗೂ ಅಪ್ಪಾನೇ ಅಲ್ವೇನ್ರಿ?" ಎಂದಳು ಅವಳು.

ಅವನಿಗೆ ಸಹಿಸಲಾಗದಿದ್ದದ್ದೇ ಅದು.

ಆ ವಾರವೆಲ್ಲ ಅವನು ಕೆಲಸ ಮಾಡಿದ್ದು ಎದುರಿನ ಅಂಗಡಿಯನ್ನು ನೋಡುತ್ತಲೇ. ನೋಡಿದಷ್ಟೂ ನೆನಪುಗಳು ಬಂದವು; ಹೊಟ್ಟೆ ಉರಿಯುವವನಿಗೆ ನೆನಪಿನ ಶಕ್ತಿ ಜಾಸ್ತಿ. ಅಪ್ಪ ಸಂಜೆ ಚಹಾ ಕುಡಿಯುತ್ತಿದ್ದದ್ದು ತಮ್ಮನ ಅಂಗಡಿಯಲ್ಲಿ. ತನ್ನ ಅಂಗಡಿಯಲ್ಲಿ ಕೂತರೆ ಫೋಮಿನ ಧೂಳಿಗೆ ಸೀನು ಬರುತ್ತದೆ ಎನ್ನುತ್ತಿದ್ದರು. ಎದುರಿಗೇನು ಹೂವಿನ ಪರಿಮಳವೇ? ಚಿಕ್ಕವನ ಅಂಗಡಿಯ ಬೋರ್ಡಂತೂ ತನ್ನದಕ್ಕಿಂತ ಒಂದು ಮೊಳ ಮೇಲೆ ಎದ್ದು ನಿಂತಿತ್ತು. ಯೋಚನೆಯಲ್ಲಿ ಒಬ್ಬ ಮೇಷ್ಟರ ಸೋಫಾಕ್ಕೆ ರೆಕ್ಸಿನ್ನನ್ನು ಒಳಮಗ್ಗುಲು ಹೊರಗಾಗಿ ಹೊದಿಸಿಬಿಟ್ಟ. ಹೊಸ ಫ್ಯಾಷನ್ನೇನೋ ಎಂದುಕೊಂಡು ಮೇಷ್ಟರು ಮೆಚ್ಚಿ ಒಯ್ದರು.

ಶನಿವಾರ ತಡೆದುಕೊಳ್ಳಲಾಗಲಿಲ್ಲ. ಬೋಲ್ಟು ಬಿಚ್ಚಿ, ಸೀಟನ್ನು ಹೆಗಲ ಮೇಲೆ ಹೊತ್ತು ಬೀದಿ ದಾಟಿದ. ದೊಡ್ಡ ಸೀಟು ಸೀಟು ಹೊತ್ತುಕೊಂಡು ಚಿಕ್ಕ ಸೀಟಿನ ಅಂಗಡಿಗೆ ಹೋಗುವುದನ್ನು ನೋಡಲು ಕ್ಷೌರದಂಗಡಿಯಲ್ಲಿ ಅರ್ಧ ಮುಖಕ್ಕೆ ಸೋಪು ಬಳಿಸಿಕೊಂಡವನೂ ಹೊರಗೆ ಬಂದ.

"ಯಾವಾಗ ಮಾಡಿಕೊಟ್ಟೆ?" ಸೀಟನ್ನು ತಮ್ಮನ ಮೇಜಿನ ಮೇಲೆ ಕೆಡವಿ ಕೇಳಿದ.

ಚಿಕ್ಕ ಸೀಟು ಕತ್ತರಿ ಕೆಳಗಿಟ್ಟ. "ಮಾಡಿಕೊಟ್ಟವನು ನೀನು. ನನ್ನನ್ನ ಕೇಳ್ತೀಯಲ್ಲಣ್ಣ."

"ಎಡಗೈ ಹೊಲಿಗೆ ಕಣೋ ಇದು. ನನಗೇನು ಕಣ್ಣಿಲ್ವಾ?"

"ಅದಕ್ಕೇ ನನಗೆ ಉರಿದಿದ್ದು. ಕೆಲಸಾನೂ ನೀನೇ ಕಿತ್ಕೊಂಡೆ, ಸಾಲದು ಅಂತ ನನ್ನ ಕೈನೂ ನಕಲು ಮಾಡ್ದೆ."

ಅಪ್ಪ ಒಂದು ಸಂಜೆ ಗಾಡಿ ನಿಲ್ಲಿಸಿ ಚಹಾ ಕುಡಿಯುತ್ತಿದ್ದಾಗ ತಮ್ಮ ಈ ಹೊಲಿಗೆ ನೋಡಿದ್ದನಂತೆ. ಅಪ್ಪನನ್ನು ಕೇಳಲು ಸ್ವಾಭಿಮಾನ ಬಿಡಲಿಲ್ಲ. ಮಾರನೆಯ ದಿನವೇ ಬಡಗಿಯನ್ನು ಕರೆಸಿ ಬೋರ್ಡನ್ನು ಒಂದು ಮೊಳ ಮೇಲಕ್ಕೆ ಏರಿಸಿದ್ದ. ಗಾಡಿ ಮಾರಲು ಥಟ್ಟನೆ ಒಪ್ಪಿದ್ದೂ ಈ ಸಿಟ್ಟಿಗೇ. ಒಬ್ಬ ಇಷ್ಟು ವರ್ಷ, ಇನ್ನೊಬ್ಬ ಈ ವಾರವೆಲ್ಲ ಬೆಂದದ್ದು ಒಂದೇ ಸೀಟಿನ ಮೇಲೆ. ದೊಡ್ಡವನಿಗೆ ಒಂದು ಕ್ಷಣ ಹಾಯೆನಿಸಿತು: ತನಗೆ ಸಿಗದಿದ್ದರೂ ಇವನಿಗಂತೂ ಸಿಕ್ಕಿಲ್ಲ. ಮರುಕ್ಷಣವೇ ಹೊಸ ಉರಿ. ಹಾಗಾದರೆ ಸಿಕ್ಕಿದ್ದು ಯಾರಿಗೆ?

ಚಿಕ್ಕ ಸೀಟು ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸಿದ. ಬೆರಳು ನಿಂತಿತು. ತನ್ನ ಎಡಗೈಯನ್ನೇ ತಿರುಗಿಸಿ ನೋಡಿಕೊಂಡ.

"ಅಣ್ಣ, ನನಗೆ ಈ ಕೈ ಬಂದಿದ್ದು ಯಾರಿಂದ?"

ಊಟಕ್ಕೆ, ಬರೆಯುವುದಕ್ಕೆ, ಮಕ್ಕಳ ಕಿವಿ ಹಿಂಡುವುದಕ್ಕೆ ಅಮ್ಮ ಬಲಗೈಯನ್ನೇ ಬಳಸುತ್ತಿದ್ದಳು. ಸೂಜಿ ಮಾತ್ರ ಎಡಗೈಯಲ್ಲಿ. ಇದು ದೊಡ್ಡ ಸೀಟಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಯಂತ್ರವನ್ನು ಅಟ್ಟಕ್ಕೆ ಹಾಕಿದ ದಿನವೇ ಅವಳ ಕಸುಬನ್ನೂ ಅಟ್ಟಕ್ಕೆ ಹಾಕಿದೆನೆಂದು ಅವನು ತಿಳಿದಿದ್ದ.

ಇಬ್ಬರೂ ದೊಡ್ಡವನ ಮನೆಗೆ ಬಂದಾಗ ಅಮ್ಮ ಹಿಂದಿನ ತನ್ನ ಕೋಣೆಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಇಬ್ಬರು ಮಕ್ಕಳು, ನಡುವೆ ಸೀಟು. ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು.

"ಯಂತ್ರ ಅಟ್ಟಕ್ಕೆ ಹಾಕ್ದೆ, ದಬ್ಬಣ ಹಾಕೋಕೆ ಮರೆತೆ ನೀನು," ಎಂದಳು ದೊಡ್ಡವನಿಗೆ.

"ನನಗೆ ಹೇಳಿದ್ರೆ ನಾನೇ ಮಾಡಿಕೊಡ್ತಿರಲಿಲ್ವೇನಮ್ಮ?"

"ನಿನಗೆ ಕೊಟ್ರೆ ಅವನು ಮುಖ ಊದಿಸ್ಕೋತಾನೆ, ಅವನಿಗೆ ಕೊಟ್ರೆ ನೀನು ಊಟ ಬಿಡ್ತೀಯ. ಇಬ್ರಿಗೂ ಬೇಡ, ನೀನೇ ಮಾಡೇ ಅಂದ್ರು ನಿಮ್ಮಪ್ಪ. ಕೂರೋಳೂ ನಾನೇ ಅಲ್ವಾ."

ಕೂರುವುದೆಂದರೆ? ಅಮ್ಮ ಆ ಗಾಡಿ ಹತ್ತುತ್ತಿದ್ದದ್ದು ಕಣ್ಣಿನ ಡಾಕ್ಟರ ಹತ್ತಿರ ಹೋಗುವಾಗ ಮಾತ್ರ. ಈ ಕೊನೆಯ ವರ್ಷಗಳಲ್ಲಿ ಮಧ್ಯಾಹ್ನ ಆದರೆ ಅಪ್ಪ ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುವರು. ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದು ದೊಡ್ಡ ಸೀಟು ಗಿರಾಕಿಗಳ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದೂ ಉಂಟು.

ಅಮ್ಮನ ಕಣ್ಣಿಗೆ ಏನೂ ಆಗಿರಲಿಲ್ಲವಂತೆ. ಊರಾಚೆಯ ರೈಲ್ವೆ ಗೇಟಿನ ತನಕ ಹೋಗುತ್ತಿದ್ದರಂತೆ. ರೈಲು ಬರುವ ತನಕ ಗಾಡಿಯ ಮೇಲೇ ಕೂತು, ಅದು ಹೋದ ಮೇಲೆ ಹಿಂದಿರುಗುವುದು, ಅಷ್ಟೇ. ಮತ್ತೇನು ಮಾಡುತ್ತಿದ್ದಿರಿ ಎಂದು ಚಿಕ್ಕವನು ಕೇಳಿದ್ದಕ್ಕೆ, ನಿಮ್ಮಿಬ್ಬರನ್ನು ಆಡಿಕೊಂಡು ನಗುತ್ತಿದ್ದೆವು ಎಂದು ಅವಳು ಬಟಾಣಿಯ ಕಡೆ ಕಣ್ಣಿಟ್ಟೇ ಹೇಳಿದಳು.

ದೊಡ್ಡ ಸೀಟಿಗೆ ಈಗ ಹೊಳೆಯಿತು. ಇಷ್ಟು ದಿನ ಎದುರಿನವನ ಮೇಲೆ ಕಣ್ಣಿಟ್ಟಿದ್ದೇ ತಪ್ಪು. ಕಣ್ಣಿಡಬೇಕಾಗಿದ್ದದ್ದು ಹಿಂದಿನ ಕೋಣೆಯ ಮೇಲೆ. ಆದರೂ ಕೇಳದಿರಲು ಆಗಲಿಲ್ಲ. ನಮ್ಮಿಬ್ಬರಲ್ಲಿ ಯಾರ ಕೈ ಮೇಲು ಅಂತ ಅಪ್ಪ ಎಂದಾದರೂ ಹೇಳಿದ್ದರಾ ಎಂದ. ಚಿಕ್ಕವನೂ ಕತ್ತು ಮುಂದೆ ಚಾಚಿದ.

"ಹೇಳಿದ್ರು. ಇಬ್ರೂ ಸೋಫಾ ಚೆನ್ನಾಗಿ ಮಾಡ್ತಾರೆ ಅಂದ್ರು."

ಆಗ ದೊಡ್ಡ ಸೀಟು ಗಾಡಿ ಮಾರುವುದು ಬೇಡ, ತಾನೇ ಇಟ್ಟುಕೊಳ್ಳುತ್ತೇನೆ ಎಂದ. ಅವನು ಬಾಯಿ ಮುಚ್ಚುವುದರೊಳಗೆ ಚಿಕ್ಕ ಸೀಟು, ತನ್ನ ಅಂಗಡಿಯಲ್ಲಿ ಜಾಗ ಹೆಚ್ಚಿದೆ ಎಂದ. ಅಮ್ಮ ಕೈಯೆತ್ತಿ ಇಬ್ಬರನ್ನೂ ನಿಲ್ಲಿಸಿದಳು. ಒಬ್ಬನ ಮನೆಯಲ್ಲಿದ್ದರೆ ಇನ್ನೊಬ್ಬ ದಿನಾ ಬಂದು ಅದಕ್ಕೆ ಎಣ್ಣೆ ಹಾಕಿದ್ದಾನೋ ಇಲ್ಲವೋ ಎಂದು ಇಣುಕುತ್ತಾನೆ, ನನಗೆ ಆ ಕಾಟ ಬೇಡ. ಹಲ್ಲಿನ ಡಾಕ್ಟರು ಒಯ್ಯಲಿ, ಗಾಡಿ ಓಡಾಡಲಿ. ಸೀಟು ಮಾತ್ರ ನನ್ನದು.

ಭಾನುವಾರ ಡಾಕ್ಟರು ಬಂದಾಗ ದೊಡ್ಡ ಸೀಟು ಆ ಹೊಲಿಗೆ ತನ್ನದಲ್ಲವೆಂದು ತಾನಾಗಿಯೇ ಹೇಳಿದ. ಅವರಿಗೆ ಅದರಲ್ಲಿ ಆಸಕ್ತಿಯಿರಲಿಲ್ಲ. ಕಂಪನಿಯ ಸೀಟೊಂದನ್ನು ಅವರು ಆಗಲೇ ಹುಡುಕಿ ತಂದಿದ್ದರು. ಗಾಡಿ ಬೀದಿಯ ತಿರುವಿನಲ್ಲಿ ಮರೆಯಾಗುವ ತನಕ ಅಣ್ಣತಮ್ಮಂದಿರು ಅಕ್ಕಪಕ್ಕ ನಿಂತು, ಆ ಅಪರಿಚಿತನ ಬೆನ್ನನ್ನು ಒಂದೇ ಬಗೆಯ ಕಣ್ಣಿನಿಂದ ನೋಡಿದರು.

ಸೀಟನ್ನು ಅಮ್ಮ ಹಜಾರದ ಕಿಟಕಿಯ ಬಳಿ ಎರಡು ಗಟ್ಟಿ ಪೆಟ್ಟಿಗೆಗಳ ಮೇಲೆ ಇಡಿಸಿದಳು. ಸಂಜೆ ದೊಡ್ಡ ಸೀಟು ಅಂಗಡಿ ಮುಚ್ಚಿ ಬಂದಾಗ ಅವಳು ಅದರ ಹಿಂಭಾಗದಲ್ಲಿ ಕೂತು ಬೀದಿ ನೋಡುತ್ತಿದ್ದಳು. ಮುಂದಿನ ಅರ್ಧ ಖಾಲಿಯಿತ್ತು. ಅವನು ಸಹಜವೆಂಬಂತೆ ಹೋಗಿ ಅಲ್ಲಿ ಕೂತ.

"ಏಳು. ಅದು ಅವರ ಜಾಗ. ಕೆಳಗೆ ಕೂತ್ಕೋ."

ಮಗಳ ಮದುವೆಯ ಮಾತುಕತೆ ನಡೆಸುತ್ತಿರುವ ಗಂಡಸು ಎದ್ದು ಚಾಪೆಯ ಮೇಲೆ ಕೂತ. ಅಷ್ಟರಲ್ಲಿ ಬಾಗಿಲಲ್ಲಿ ತಮ್ಮ ಕಾಣಿಸಿಕೊಂಡ. ಅವನ ಕಣ್ಣು ನೇರ ಹೋಗಿ ನಿಂತದ್ದು ಆ ಖಾಲಿ ಜಾಗದ ಮೇಲೆ. ಎಚ್ಚರಿಸಬಹುದಿತ್ತು. ದೊಡ್ಡ ಸೀಟು ಗೋಡೆಯ ಕಡೆ ನೋಡುತ್ತ ಸುಮ್ಮನಿದ್ದ. ಚಿಕ್ಕ ಸೀಟು ನಡೆದು ಬಂದ, ಕೂತ. ಅಮ್ಮ ಬೀದಿಯನ್ನೇ ನೋಡುತ್ತಿದ್ದಳು. ದೊಡ್ಡ ಸೀಟು ಗೋಡೆಯಿಂದ ಕಣ್ಣು ತೆಗೆದು ಅವಳನ್ನು ನೋಡಿದ. ಇವನನ್ನು ಎಬ್ಬಿಸದಿದ್ದರೆ?

"ನೀನೂ ಏಳೋ," ಎಂದಳು ಅಮ್ಮ.

ಎಂದೂ ಇಲ್ಲದ ಉದಾರತೆಯಿಂದ ದೊಡ್ಡ ಸೀಟು ಚಾಪೆಯ ಮೇಲೆ ಪಕ್ಕಕ್ಕೆ ಸರಿದು ತಮ್ಮನಿಗೆ ಜಾಗ ಮಾಡಿಕೊಟ್ಟ.