ಎದುರು ದಕ್ಕೆಗೆ ಆರುನೂರು ಮೀಟರು

ನಗುಮೊಗದ ಸೇವೆ, ಹಗಲೂ ಇರುಳೂ — ಕೆಟ್ಟುನಿಂತ ನನ್ನ ದೋಣಿಯನ್ನು ಎಳೆಯಲು ಬಂದ ದೋಣಿಯ ಬೆನ್ನ ಮೇಲೆ ಹಾಗೆ ಬರೆದಿದೆ, ಬಿಳಿ ಅಕ್ಷರ, ಗೇಣುದ್ದ, ಓದಬಾರದು ಎಂದುಕೊಂಡೇ ಓದುತ್ತೇನೆ, ಅಕ್ಷರದ ಕೆಳಗೆ ಹೊಗೆ, ಡೀಸೆಲಿನ ವಾಸನೆ, ಅದರ ಚಾಲಕ ಬಂದಾಗಿನಿಂದ ಒಮ್ಮೆಯೂ ನಕ್ಕಿಲ್ಲ, ನಗಿ ಎಂದು ನಾನೂ ಕೇಳಿಲ್ಲ, ಕೇಳಿದ್ದು ಒಂದೇ, ಆ ದಕ್ಕೆಗೆ ಬಿಡಿ, ಅಗೋ ಅಲ್ಲಿ, ನನ್ನ ತಂಗಿ ಕಾಯ್ತಿದ್ದಾಳೆ. ಆರುನೂರು ಮೀಟರು. ಕಣ್ಣಳತೆಯಲ್ಲಿ ನಾನು ತಪ್ಪುವವಳಲ್ಲ, ಅಳತೆ-ತೂಕದ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಂಡವರ ತಕ್ಕಡಿ ಪರೀಕ್ಷಿಸಿದವಳು, ಆರುನೂರೆಂದರೆ ಆರುನೂರೇ, ಹೆಚ್ಚೆಂದರೆ ಇಪ್ಪತ್ತು ಆಚೀಚೆ. ಅವನು ನನ್ನ ದೋಣಿಯ ನೋಂದಣಿ ಚೀಟಿ ಓದಿದ, ತಲೆ ಎತ್ತದೆ ಹೇಳಿದ, ಅಲ್ಲಿಗೆ ಆಗಲ್ಲ ಮೇಡಂ, ದೋಣಿ ಯಾವ ದಕ್ಕೆಯಲ್ಲಿ ನೋಂದಣಿ ಆಗಿದೆಯೋ ಅಲ್ಲಿಗೇ ಬಿಡಬೇಕು, ನಮ್ಮ ರೂಲು. ನಾನು ದೋಣಿ ಬಿಚ್ಚಿ ಹೊರಟ ದಕ್ಕೆ ಅದು, ಒಂಬತ್ತು ಕಿಲೋಮೀಟರು ಹಿಂದೆ. ಇದು ಕಣ್ಣೆದುರು. ಹೆಚ್ಚಿಗೆ ಕೊಡುತ್ತೇನೆ ಎಂದೆ, ಬೇಡಿಕೊಂಡೆ ಎಂದೇ ಹೇಳಬೇಕು, ಅವನು ಚುಕ್ಕಾಣಿಯ ಪಕ್ಕದ ಕಪ್ಪು ಪೆಟ್ಟಿಗೆ ತೋರಿಸಿದ, ಎಲ್ಲಿ ಹೋದೆ, ಎಲ್ಲಿ ನಿಂತೆ, ಎಲ್ಲಾ ಆಫೀಸಲ್ಲಿ ಕಾಣುತ್ತೆ, ಒಂದು ಮಾರು ಆಚೆ ಹೋದ್ರೂ ನನ್ನ ಕೆಲಸಕ್ಕೆ ಕುತ್ತು. ಬೈಯಬೇಕಿತ್ತು. ಬಾಯಿ ಬರಲಿಲ್ಲ, ಯಾಕೆಂದರೆ ಆ ದನಿ ನನ್ನದೇ — ಪುಸ್ತಕದಲ್ಲಿ ಹೀಗಿದೆ ಯಜಮಾನ್ರೇ, ನಾನೇನೂ ಮಾಡೋಕಾಗಲ್ಲ — ಎಷ್ಟು ಅಂಗಡಿಗಳ ಮುಂದೆ ನಿಂತು ಎಷ್ಟು ಜನಕ್ಕೆ ಹೇಳಿದ್ದೇನೆ, ತಲೆ ಎತ್ತದೆ.

ನನ್ನ ದೋಣಿಯ ಇಂಜಿನ್ ನಿಂತದ್ದು ಒಂದು ಗಂಟೆ ಹತ್ತು ನಿಮಿಷಕ್ಕೆ. ಎರಡು ಸಲ ಕೆಮ್ಮಿತು, ಆಮೇಲೆ ನೀರಿನ ಸದ್ದು ಮಾತ್ರ. ಇದೇ ಜಾಗದಲ್ಲಿ, ಇದೇ ಆರುನೂರು ಮೀಟರಿನಲ್ಲಿ. ಈ ನಗುಮೊಗದ ಸೇವೆಗೆ ಫೋನ್ ಮಾಡಿದೆ, ನಿಮ್ಮ ಕರೆ ನಮಗೆ ಅಮೂಲ್ಯ, ನಿಮ್ಮ ಕರೆ ನಮಗೆ ಅಮೂಲ್ಯ, ನಡುನಡುವೆ ಒಂದು ಪಿಟೀಲು, ಇಪ್ಪತ್ತಾರು ನಿಮಿಷ, ನನ್ನ ಫೋನಿನ ಜೀವವನ್ನೆಲ್ಲ ಆ ಪಿಟೀಲೇ ಕುಡಿಯಿತು. ಕೊನೆಗೊಂದು ಹೆಣ್ಣುದನಿ, ಲಂಗರು ಹಾಕಿ, ಇದ್ದ ಜಾಗದಿಂದ ಕದಲಬೇಡಿ, ಕದಲಿದ್ರೆ ಬುಕಿಂಗ್ ರದ್ದಾಗುತ್ತೆ, ಮುಕ್ಕಾಲು ಗಂಟೆಯಲ್ಲಿ ಬರ್ತಾರೆ. ಲಂಗರು ಹಾಕಿದೆ. ಮುಕ್ಕಾಲು ಗಂಟೆ ಎಂದದ್ದು ಒಂದೂಕಾಲು ಗಂಟೆಯಾಯಿತು. ಈ ನಡುವೆ ಒಬ್ಬ ಮೀನುಗಾರ ತನ್ನ ಪುಟ್ಟ ದೋಣಿಯಲ್ಲಿ ಹುಟ್ಟು ಹಾಕುತ್ತ ಬಂದ, ನನ್ನನ್ನು ನೋಡಿದ, ಬಿಗಿದು ನಿಂತ ಲಂಗರಿನ ಹಗ್ಗ ನೋಡಿದ, ಇದೇನು ಅಕ್ಕಾವ್ರೇ, ಉಬ್ಬರದ ನೀರು ಆ ಕಡೇನೇ ಹೋಗ್ತಿದೆ, ಲಂಗರು ಎತ್ತಿ ಸುಮ್ನೆ ಕೂತ್ರೂ ಅರ್ಧ ಗಂಟೇಲಿ ತಾನಾಗೇ ದಕ್ಕೆ ಸೇರ್ತೀರಲ್ಲ. ನಾನು ಗಂಭೀರವಾಗಿ ಹೇಳಿದೆ — ಈಗ ನೆನೆದರೆ ನಾಚಿಕೆಗೆ ಮೈ ಹಿಡಿಯಾಗುತ್ತದೆ — ಕದಲಬಾರದು ಅಂದಿದ್ದಾರೆ, ಬುಕ್ ಆಗಿದೆ. ಅವನಿಗೆ ನಗು ಬಂತು, ಹಾಗಾದ್ರೆ ಸಮುದ್ರಕ್ಕೂ ಒಂದು ಮಾತು ಹೇಳಿಬಿಡಿ ಎಂದು ಹೊರಟುಹೋದ. ಅಪ್ಪನ ಮಗಳು ನಾನು, ಇದೇ ನೀರಿನಲ್ಲಿ ನಲವತ್ತು ವರ್ಷ ಜನರನ್ನು ದಾಟಿಸಿದವನ ಮಗಳು, ಉಬ್ಬರ ಯಾವ ಕಡೆ ಎಂದು ಗೊತ್ತಿರಲಿಲ್ಲವೆ. ಗೊತ್ತಿತ್ತು. ತೇಲಿಬಂದ ಹುಲ್ಲುಕಡ್ಡಿ ನನ್ನನ್ನು ದಾಟಿ ಅವಳತ್ತ ಹೋಗುವುದನ್ನು ನೋಡುತ್ತಲೇ ಕೂತಿದ್ದೆ, ಒಂದು, ಎರಡು, ಮೂರು ಕಡ್ಡಿ, ಅವೆಲ್ಲ ಇಷ್ಟು ಹೊತ್ತಿಗೆ ಅವಳ ಕಾಲ ಬುಡ ಮುಟ್ಟಿರುತ್ತವೆ.

ಫೋನು ಸಾಯುವ ಮುಂಚೆ ಅವಳೇ ಮಾಡಿದಳು. ಅಕ್ಕಾ, ಕಾಣ್ತಿದ್ದೀಯ ಕಣೇ, ಬಿಳಿ ಟೋಪಿ ತಾನೇ, ಅಪ್ಪನ ಥರಾನೇ ಕೂತಿದ್ದೀಯ, ಬೆನ್ನು ಗೂನು ಮಾಡ್ಕೊಂಡು. ಆರು ವರ್ಷದ ಮೇಲೆ ಮೊದಲ ಮಾತು ಇದು ಎಂಬಂತೆ ಅಲ್ಲ, ಬೆಳಿಗ್ಗೆ ತಾನೇ ಕಾಫಿ ಕುಡಿದು ಎದ್ದವಳ ಹಾಗೆ. ಮೂರಕ್ಕೆ ನಾನು ಇಲ್ಲಿಂದ ಹೊರಡಬೇಕು, ಗೊತ್ತಲ್ಲ, ನರ್ಸ್ ಬರಲಿಲ್ಲ ಅಂತ ಹಡಗು ನಿಲ್ಲಲ್ಲ, ಈ ಸಲ ಹೋದ್ರೆ ಬರೋದು ಎರಡು ವರ್ಷಕ್ಕೆ. ಗೊತ್ತು, ಎಂದೆ. ಏನೋ ಹೇಳಬೇಕು ಅಂತ ಬರೆದಿದ್ದೆಯಲ್ಲ, ಹೇಳು. ಬಂದು ಹೇಳ್ತೀನಿ, ಎಂದೆ, ಎದುರಿಗೇ ಹೇಳಬೇಕು. ಸರಿ, ಬಾ, ನಾನೇ ಇವತ್ತು ಬೇಗ ಬಂದಿದ್ದೀನಿ ನೋಡು, ಹನ್ನೆರಡೂವರೆಗೇ ಬಂದೆ — ಅಲ್ಲಿಗೆ ಫೋನು ಸತ್ತಿತು. ಹನ್ನೆರಡೂವರೆ. ಎಂದೂ ಹೊತ್ತಿಗೆ ಬರದವಳು, ಹುಟ್ಟಿದ್ದು ಕೂಡ ಹತ್ತು ದಿನ ತಡವಾಗಿ, ಅಮ್ಮ ಹೇಳುತ್ತಿದ್ದಳು. ಆರು ವರ್ಷದ ಹಿಂದೆ ಅಪ್ಪನನ್ನು ಸ್ಮಶಾನಕ್ಕೆ ಕಳಿಸಿಕೊಟ್ಟ ದಿನ ನಲವತ್ತು ನಿಮಿಷ ತಡ. ಇನ್ನೊಂದು ಅರ್ಧ ಗಂಟೆ ನೋಡೋಣ, ದಾರಿಯಲ್ಲಿದ್ದಾಳಂತೆ ಎಂದು ಎಲ್ಲರೂ ಹೇಳಿದರು, ಹತ್ತು ಗಂಟೆ ಎಂದರೆ ಹತ್ತು ಗಂಟೆ ಎಂದವಳು ನಾನು. ಅವಳು ಓಡಿಬಂದಾಗ ಎಲ್ಲ ಮುಗಿದಿತ್ತು, ನಾನು ಗಡಿಯಾರ ನೋಡಿ ಅಷ್ಟು ಜನರ ಮುಂದೆ ನಲವತ್ತು ನಿಮಿಷ ಎಂದೆ, ಬೇರೇನೂ ಅನ್ನಲಿಲ್ಲ, ಅಷ್ಟೇ ಅಂದೆ, ಅವಳು ಮೆಲ್ಲಗೆ, ಅಪ್ಪಂಗೇನು ಅವಸರ ಇತ್ತು ಅಕ್ಕಾ, ಎಂದಳು. ಮುಖ ನೋಡಲಿಲ್ಲ ಅವಳು. ಅಪ್ಪನ ಮುಖವನ್ನು. ನೋಡಲು ನಾನು ಬಿಡಲಿಲ್ಲ, ಅದನ್ನೇ ಹೇಳಬೇಕಿತ್ತು, ಆರು ಪದವೂ ಬೇಕಿಲ್ಲ ಅದಕ್ಕೆ, ಫೋನಿನಲ್ಲೇ ಹೇಳಿಬಿಟ್ಟಿದ್ದರೆ, ನಾನು ಕಾಯಬೇಕಿತ್ತು ಕಣೇ, ಅಷ್ಟೇ, ಬಂದು ಹೇಳ್ತೀನಿ ಎಂಬುದಕ್ಕೂ ಅದಕ್ಕೂ ಹಿಡಿದ ಹೊತ್ತು ಹೆಚ್ಚುಕಡಿಮೆ ಒಂದೇ. ಈಗ ಎರಡು ಐವತ್ತೆಂಟು. ಈ ಎಳೆಯುವವನ ದೋಣಿ ಬಂದದ್ದನ್ನು ಅವಳು ನೋಡಿದಳು, ಅಲ್ಲಿಂದ ಎಲ್ಲ ಕಾಣುತ್ತದೆ, ಬೆಂಚಿನಿಂದ ಎದ್ದಳು, ಇನ್ನೇನು ಎಳೆದು ತರುತ್ತಾರೆ ಎಂದುಕೊಂಡಿರಬೇಕು, ಹೆಗಲ ಚೀಲ ಕೆಳಗಿಟ್ಟಳು, ದಕ್ಕೆಯ ಅಂಚಿಗೆ ಬಂದು ನಿಂತಳು, ಕಾಲು ಅಗಲಿಸಿ, ಎರಡೂ ಕೈ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ. ಹಾಗೇ ನಿಲ್ಲುತ್ತಿದ್ದಳು ಏಳು ವರ್ಷದವಳು, ಅಪ್ಪ ಇಂಜಿನ್ ಆರಿಸುತ್ತಿದ್ದ, ನಾನು ದೋಣಿಯಿಂದ ಹಗ್ಗ ಎಸೆಯುತ್ತಿದ್ದೆ, ಅವಳು ದಡದಲ್ಲಿ ಹಿಡಿಯುತ್ತಿದ್ದಳು, ಶಾಲೆಗೆ ತಡ, ಊಟಕ್ಕೆ ತಡ, ಹಗ್ಗಕ್ಕೆ ಮಾತ್ರ ಒಂದು ದಿನವೂ ತಡವಿಲ್ಲ, ಎಸಿ ಅಕ್ಕಾ, ಎಸಿ, ನೀರು ಹಾರಿ ಮುಖವೆಲ್ಲ ಒದ್ದೆ. ಇವನು ಲಂಗರು ಎತ್ತಿಸಿ ಎಳೆಹಗ್ಗದ ಕೊಕ್ಕೆ ಸಿಕ್ಕಿಸಿದ, ನನ್ನ ದೋಣಿ ಜಗ್ಗಿತು, ಮೂತಿ ತಿರುಗಿತು, ಅವಳತ್ತ ಅಲ್ಲ, ನಾನು ಹಿಂದುಮುಂದಾಗಿ ಕೂತೆ, ನೋಡದೆ ಇರಲಾರೆ, ಆರುನೂರೈವತ್ತು, ಏಳುನೂರು, ಕೂಗಿದೆ, ಇವನ ಇಂಜಿನ್ ಸದ್ದಿನಲ್ಲಿ ನನಗೇ ಕೇಳಲಿಲ್ಲ, ಎಳೆಹಗ್ಗ ಬಿಚ್ಚೋಣವೆಂದರೆ ಕೊಕ್ಕೆ ಎಳೆತಕ್ಕೆ ಕಚ್ಚಿಕೊಂಡಿದೆ, ಎಂಟುನೂರು, ಈಗ ಅವಳಿಗೆ ತಿಳಿದಿರಬೇಕು, ತಿಳಿಯದೆ ಇರುತ್ತದೆಯೇ, ದೋಣಿ ಚಿಕ್ಕದಾಗುತ್ತಿದೆ ಎಂದು ಯಾರಿಗೂ ತಿಳಿಯುತ್ತದೆ, ಕೈ ಕೆಳಗಿಳಿಸಲಿ, ಚೀಲ ಎತ್ತಿಕೊಳ್ಳಲಿ, ಹೋಗಲಿ, ಹಡಗು ತಪ್ಪುತ್ತದೆ ಹೋಗೇ, ಮೂರಾಯಿತು, ಮೂರಾಗಿ ಒಂದು ನಿಮಿಷ, ಸಾವಿರ ಮೀಟರು, ಇನ್ನು ಅಳೆಯಲಾರೆ, ಮುಖ ಕಾಣುವುದಿಲ್ಲ, ಸೀರೆಯೋ ಸಮವಸ್ತ್ರವೋ ತಿಳಿಯುವುದಿಲ್ಲ, ಎರಡು ಕೈ ಕಾಣುತ್ತವೆ, ಚಾಚಿದ ಎರಡು ಕೈ, ಅಂಗೈ ಮೇಲೆ, ಖಾಲಿ, ಇನ್ನೂ ಚಾಚಿಯೇ