ಅಧ್ಯಕ್ಷರ ಮುಖ

ಪ್ರೊಫೆಸರ್ ಕಲ್ಲಿನಾಥರಿಗೆ ಎರಡೇ ಕೆಲಸ ಚೆನ್ನಾಗಿ ಬರುತ್ತಿದ್ದವು: ದೊಡ್ಡವರಿಗೆ ಶಾಲು ಹೊದಿಸುವುದು, ಹೊದಿಸುವಾಗ ಕ್ಯಾಮೆರಾದ ಕಡೆ ನೋಡುವುದು. ಉಳಿದದ್ದನ್ನೆಲ್ಲ ಫರಹೀನ ಮಾಡುತ್ತಿದ್ದಳು. ಅವಳ ಪಿಎಚ್‌ಡಿ ಪ್ರಬಂಧಕ್ಕೆ ಅವರ ಸಹಿ ಬೇಕಿತ್ತು. ಅದಕ್ಕಾಗಿ ಜೇವರ್ಗಿಯ ಆ ಖಾಸಗಿ ಸಂಶೋಧನಾ ಕೇಂದ್ರದಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದಳು.

ಅವಳು ಡಿಎನ್‌ಎ ಎಳೆಯಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಡಬ್ಬಿ ಕಟ್ಟುತ್ತಿದ್ದಳು. ಒಂದು ಉದ್ದನೆಯ ಎಳೆ, ಅದನ್ನು ಅಲ್ಲಲ್ಲಿ ಮಡಿಸಿ ಹಿಡಿಯುವ ನೂರಾರು ತುಂಡೆಳೆಗಳು. ಉಪ್ಪುನೀರಿನಲ್ಲಿ ಬಿಸಿ ಮಾಡಿ ನಿಧಾನವಾಗಿ ಆರಿಸಿದರೆ ಪ್ರತಿ ತುಂಡೂ ತನ್ನ ಜೋಡಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಡಬ್ಬಿ ತಾನೇ ಕೂಡಿಕೊಳ್ಳುತ್ತದೆ. ಸರಸಂಬಾದ ಹೊಲಗಳಲ್ಲಿ ತೊಗರಿಯನ್ನು ಒಣಗಿಸುವ ಶಿಲೀಂಧ್ರ ಎದುರಾದಾಗ ಮಾತ್ರ ಅದರ ಮುಚ್ಚಳ ತೆರೆದು ಔಷಧ ಹೊರಬೀಳಬೇಕು. ಉದ್ದನೆಯ ಎಳೆ ಇನ್ನೊಂದು ಸಲಕ್ಕೆ ಆಗುವಷ್ಟೇ ಉಳಿದಿತ್ತು.

ಅಷ್ಟರಲ್ಲಿ ಸಂಸ್ಥೆಯ ಅಧ್ಯಕ್ಷ ಹಣಮಂತರಾಯರ ಸನ್ಮಾನ ಬಂತು.

“ತಾನೇ ಕೂಡ್ಕೋತದ ಅಂತ ನೀನೇ ಹೇಳಿದ್ದಿ ಅಲಾ? ಅಧ್ಯಕ್ಷರ ಮಾರಿ ಆಗು ಅಂತ ಹೇಳು ಅದಕ್ಕ,” ಎಂದರು ಕಲ್ಲಿನಾಥ.

“ಹೇಳಿದ್ರ ಕೇಳಂಗಿಲ್ರಿ ಸರ್. ಅದಕ್ಕ ಬ್ಯಾರೆ ತುಂಡೆಳಿ ಮಾಡಿಸಿ ತರಸ್ಬೇಕಾಗ್ತದ.”

“ಸಹಿ ಬೇಕೋ ಬ್ಯಾಡೋ?”

ಇಷ್ಟು ವರ್ಷ ಗೈಡ್ ಎನಿಸಿಕೊಂಡ ಮನುಷ್ಯನಿಗೆ ಇಷ್ಟೂ ತಿಳಿಯದಲ್ಲ ಎಂದು ಅವಳಿಗೆ ಅಸಹ್ಯವಾಯಿತು. ಉಳಿದ ಎಳೆಯಲ್ಲಿ ಡಬ್ಬಿಯನ್ನೇ ಕಟ್ಟಿದಳು. ಔಷಧ ಇನ್ನೂ ತುಂಬಿರದಿದ್ದರೂ ಮೈಕ್ರೋಸ್ಕೋಪಿನಲ್ಲಿ ಅದು ಚೌಕವಾಗಿ, ಸೊಗಸಾಗಿ ಕಂಡಿತು. ಆ ಚಿತ್ರವನ್ನೇ ಕೊಟ್ಟಳು. ಅವರು ನೋಡದೆಯೇ ಪೆನ್‌ಡ್ರೈವ್ ಜೇಬಿಗಿಳಿಸಿದರು.

ಸಭೆಯಲ್ಲಿ ಪರದೆಯ ಮೇಲೆ ಡಬ್ಬಿ ಮೂಡಿತು. “ಡಿಎನ್‌ಎದಾಗ ನಮ್ಮ ಅಧ್ಯಕ್ಷರ ಮಾರಿ!” ಎಂದು ಕಲ್ಲಿನಾಥ ಘೋಷಿಸಿದರು. ಮುಂದಿನ ಸಾಲು ಚಪ್ಪಾಳೆ ತಟ್ಟಿತು. “ಮೀಸಿ ಥೇಟ್ ಸಾಹೇಬ್ರದೇ ನೋಡ್ರಿ,” ಎಂದ ಒಬ್ಬ ಲೆಕ್ಚರರ್. ಇನ್ನೊಬ್ಬನಿಗೆ ಹಣೆಯ ತೇಜಸ್ಸೂ ಕಂಡಿತು. ಓದಿದ ಕತ್ತೆಗಳು! ಹಣಮಂತರಾಯರು ಮಾತ್ರ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ಪರದೆಯ ಪಕ್ಕ ನಿಂತಿದ್ದ ಫರಹೀನಳತ್ತ ತಿರುಗಿದರು.

“ಯವ್ವಾ, ಮಾಡಿದಾಕಿ ನೀ ಹೇಳು. ಇದು ನನ್ನ ಮಾರಿ ಏನು?”

ಕಲ್ಲಿನಾಥರು ಹಲ್ಲು ಕಿರಿದು ಮೈಕನ್ನು ಅವಳ ಕೈಗಿಟ್ಟರು. ಹೌದು ಎಂದರೆ ಸಹಿ ಸಿಗುತ್ತದೆ. ಆದರೆ ತೊಗರಿಗಾಗಿ ಕಟ್ಟಿದ ಡಬ್ಬಿ ಇನ್ನು ಈ ಸಂಸ್ಥೆಯಲ್ಲಿ ಯಾವನದೋ ಮುಖವಾಗಿಯೇ ಉಳಿಯುತ್ತದೆ.

“ಅಲ್ಲರಿ ಸರ್,” ಎಂದಳು ಫರಹೀನ. “ಖಾಲಿ ಡಬ್ಬಿರಿ.”

ಕಲ್ಲಿನಾಥರು ಮೈಕಿಗೆ ಕೈ ಹಾಕಿದರು, ಅವಳು ಬಿಡಲಿಲ್ಲ. ಸಹಿ ಹೋಯಿತೆಂದು ಗೊತ್ತಿದ್ದೂ, ಹಿಂದಿನ ಸಾಲಿನವರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದಳು.